ಪಾಲಿನ ದಾವೆ ಹಾಕುವ ಮುನ್ನ ಖರ್ಚಿನ ಲೆಕ್ಕ ಹಾಕುವುದು ಹೇಗೆ?

‘ಕೋರ್ಟ್ ಫೀ ಬರೀ 200 ರೂಪಾಯಿ ಅಲ್ವಾ, ಹಾಕೇ ಬಿಡೋಣ.’ ಅಣ್ಣ-ತಮ್ಮಂದಿರ ಎಷ್ಟೋ ಪಾಲಿನ ದಾವೆಗಳು ಈ ಮಾತಿನಿಂದಲೇ ಶುರುವಾಗುತ್ತವೆ. ಮಾತು ಅರ್ಧ ನಿಜ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಆಸ್ತಿ ಎಲ್ಲರ ಜಂಟಿ ಸ್ವಾಧೀನದಲ್ಲಿದ್ದರೆ ಫೀ ಅಷ್ಟೇ. ನಿಮ್ಮನ್ನು ಹೊರಗಿಟ್ಟಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಫೀ ಕಟ್ಟಬೇಕು. ನೀವು ಯಾವ ಸ್ಥಿತಿಯಲ್ಲಿದ್ದೀರಿ ಎಂದು ವಕೀಲರಿಗೆ ಮೊದಲೇ ನಿಜ ಹೇಳಿ.

ಮೊದಲ ಕೆಲಸ ಕಾಗದ ಕೂಡಿಸುವುದು. ನಾಡಕಚೇರಿಯಿಂದ ವಂಶವೃಕ್ಷ, ಜೊತೆಗೆ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ನಕಲು, ಇ.ಸಿ. ಅಂದರೆ ಋಣಭಾರ ಪತ್ರ, ಹಳೆಯ ಕ್ರಯಪತ್ರ. ನನ್ನ ಸೋದರತ್ತೆ ಇವನ್ನೆಲ್ಲ ಬಟ್ಟೆ ಅಂಗಡಿಯ ಹಳದಿ ಚೀಲದಲ್ಲಿ ಇಟ್ಟುಕೊಂಡು ಓಡಾಡಿದರು. ಒಂದೇ ಒಂದು ಕ್ರಯಪತ್ರದ ನಕಲು ಇರಲಿಲ್ಲ. ಅದಕ್ಕಾಗಿ ನಾಲ್ಕು ವಾಯಿದೆ ಹೋಯಿತು. ಪ್ರತಿ ವಾಯಿದೆಗೂ ಬಸ್ ಚಾರ್ಜು, ಹೋಟೆಲ್ ಊಟ, ಒಂದು ದಿನದ ಕೂಲಿ.

ದಾವೆಯಲ್ಲಿ ಕೊಡುವ ಪಟ್ಟಿಯಲ್ಲಿ ಒಬ್ಬ ಪಾಲುದಾರರನ್ನೂ ಬಿಡಬೇಡಿ, ಒಂದು ಸರ್ವೆ ನಂಬರನ್ನೂ ಬಿಡಬೇಡಿ. ‘ಮದುವೆಯಾಗಿ ಹೋದವಳು’ ಎಂದು ಅಕ್ಕನ ಹೆಸರು ಬಿಟ್ಟರೆ ದಾವೆಯೇ ಬಿದ್ದುಹೋಗಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗಪತ್ರ ಇದ್ದರೆ ಲೆಕ್ಕ ಬೇರೆ.

ಆಮೇಲೆ ವಕೀಲರ ಫೀ. ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು, ಅಪೀಲಿಗೆ ಬೇರೆಯೋ ಎಂದು ಕೇಳಿ ಬರೆಸಿಕೊಳ್ಳಿ. ಸಂಕೋಚ ಬೇಡ. ‘ಗೆದ್ದರೆ ಆಸ್ತಿಯಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಎಂದರೆ ಒಪ್ಪಬೇಡಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ.

ಜಾಸ್ತಿ ಜನ ಎಡವುವುದು ಮುಂದಿನ ಹಂತದಲ್ಲಿ. ‘ಮೂರನೇ ಒಂದು ಪಾಲು’ ಎಂದು ಡಿಕ್ರಿ (ಕೋರ್ಟಿನ ತೀರ್ಮಾನ) ಬಂದಾಗ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಅದು ಪ್ರಾಥಮಿಕ ಡಿಕ್ರಿ. ಯಾವ ಕಡೆಯ ಜಮೀನು ಯಾರಿಗೆ ಎಂದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಬೇಕು. ಮನೆ, ಸೈಟು ಆದರೆ ಕೋರ್ಟ್ ಕಮಿಷನರ್ ಬಂದು ಅಳೆಯುತ್ತಾರೆ, ಅವರ ಫೀ ಬೇರೆ. ಕಂದಾಯದ ಜಮೀನಾದರೆ ಭಾಗ ಮಾಡುವ ಕೆಲಸ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಕೊನೆಗೆ ಡಿಕ್ರಿಗೆ ಸ್ಟಾಂಪ್ ಡ್ಯೂಟಿ. ಇಷ್ಟನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ. ಗೆದ್ದವರಿಗೆ ಖರ್ಚು ಕೊಡಿಸುವುದು ಕೋರ್ಟಿನ ವಿವೇಚನೆ. ಕೊಡಿಸಿದರೂ ಕೈಬಿಟ್ಟು ಹೋದ ಹಣವೆಲ್ಲ ವಾಪಸ್ ಬರುವುದು ಅಪರೂಪ.

ದಾವೆ ಹಾಕಿದ ಮೇಲೂ ರಾಜಿಯ ಬಾಗಿಲು ತೆರೆದೇ ಇರುತ್ತದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಈ ಕೆಲಸ ಮಾಡುತ್ತಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಸಿಗುತ್ತದೆ, ಅದರ ಮೇಲೆ ಅಪೀಲೂ ಇಲ್ಲ. ಅಪೀಲಿಲ್ಲದ ಕಾರಣಕ್ಕೇ ರಾಜಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಗಟ್ಟಿಯಾಗಿ ಓದಿಸಿ ಕೇಳಿ. ಅದರಲ್ಲಿ ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕೂ ಕಡೆಯ ಎಲ್ಲೆ), ಗದ್ದೆಗೆ ಹೋಗುವ ದಾರಿ ಇರಲಿ. ಒಂದೇ ಬಾವಿ ಇದ್ದರೆ, ವಾರದಲ್ಲಿ ಯಾವ ದಿನ ಯಾರ ಮೋಟಾರ್ ಓಡಬೇಕು ಎನ್ನುವುದೂ ಇರಲಿ.