ವಿಕಿರಣದ ವದಂತಿ ಮನೆ ಬಾಗಿಲಿಗೆ ಬಂದಾಗ

2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಕಿರಾನಾ ಬೆಟ್ಟಗಳಲ್ಲಿದೆ ಎನ್ನಲಾದ ಅಣ್ವಸ್ತ್ರ ಉಗ್ರಾಣಕ್ಕೆ ಪೆಟ್ಟು ಬಿದ್ದು ವಿಕಿರಣ ಸೋರುತ್ತಿದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದಾಗ, ನಾನು ಕಲಬುರಗಿಯ ನಮ್ಮ ಓಣಿಯ ಕಿರಾಣಿ ಅಂಗಡಿಯ ಮುಂದೆ ನಿಂತಿದ್ದೆ. ನನಗಿಂತ ಮುಂದಿದ್ದ ಹಿರಿಯರೊಬ್ಬರು ಆರು ಪಾಕೀಟು ಅಯೋಡಿನ್ ಉಪ್ಪು ಕೇಳಿದರು. “ಇಷ್ಟ್ಯಾಕ ಅವ್ವಾ, ಉಪ್ಪಿನಕಾಯಿ ಹಾಕಲತ್ತೀರೇನ್ರಿ?” ಎಂದು ಅಂಗಡಿಯವನು ಕೇಳಿದ್ದಕ್ಕೆ, “ಗಾಳ್ಯಾಗ ವಿಷ ಬರ್ತದಂತಪಾ, ಉಪ್ಪು ತಿಂದ್ರ ತಟ್ಟಂಗಿಲ್ಲಂತ ಮೊಮ್ಮಗ ಹೇಳ್ಯಾನ” ಎಂದರು. ಅಂಥ ದಾಳಿಯನ್ನು ಭಾರತೀಯ ವಾಯುಪಡೆ ಅಲ್ಲಗಳೆಯಿತು; ಪಾಕಿಸ್ತಾನದ ಯಾವ ಅಣು ಸ್ಥಾವರದಿಂದಲೂ ವಿಕಿರಣ ಸೋರಿಕೆಯಾಗಿಲ್ಲವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ತಿಳಿಸಿತು. ಆದರೆ ಉಪ್ಪು ಅಷ್ಟರಲ್ಲಿ ಮನೆ ಸೇರಿತ್ತು. ಆ ಅವ್ವನನ್ನು ನಗುವ ಹಕ್ಕು ಯಾರಿಗೂ ಇಲ್ಲ, ಏಕೆಂದರೆ ಇಂಥ ಸಂದೇಶ ಬಂದಾಗ ಏನನ್ನು ನೋಡಬೇಕು, ಏನನ್ನು ಮಾಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಸಂದೇಶವನ್ನು ಪೂರ್ತಿ ಓದಿ, ಅದರಲ್ಲಿ ಸ್ಥಳ, ದಿನಾಂಕ ಮತ್ತು ಅಳತೆ ಇವೆಯೇ ಎಂದು ಹುಡುಕಿರಿ. ವಿಕಿರಣವು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು; ಆದ್ದರಿಂದಲೇ ಅದರ ಬಗ್ಗೆ ಏನು ಹೇಳಿದರೂ ನಂಬುವಂತಾಗುತ್ತದೆ. ಆದರೆ ಅದನ್ನು ಉಪಕರಣಗಳಿಂದ ಬಹಳ ನಿಖರವಾಗಿ ಅಳೆಯಬಹುದು, ಹಾಗಾಗಿ ಅಳತೆಯೇ ಇಲ್ಲದೆ “ರೇಡಿಯೇಷನ್ ಹೆಚ್ಚಾಗಿದೆ” ಎನ್ನುವ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಮೈಗೆ ತಗಲುವ ವಿಕಿರಣವನ್ನು ಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಅಳತೆ ಇದ್ದರೆ ಅದು ಮೈಕ್ರೋಸೀವರ್ಟೋ ಮಿಲಿಸೀವರ್ಟೋ ಎಂದು ನೋಡಿರಿ, ಏಕೆಂದರೆ ಮಿಲಿಸೀವರ್ಟ್ ಮೈಕ್ರೋಸೀವರ್ಟಿನ 1000 ಪಟ್ಟು. ಮಣ್ಣು, ಕಲ್ಲು, ಆಕಾಶ ಮತ್ತು ನಾವು ತಿನ್ನುವ ಅನ್ನದಿಂದಲೇ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್ ಸುಮಾರು 10 ಮಿಲಿಸೀವರ್ಟ್ ಕೊಡುತ್ತದೆ. ವಾಂತಿ, ನಿತ್ರಾಣದಂಥ ತೀವ್ರ ವಿಕಿರಣ ಕಾಯಿಲೆಯ ಲಕ್ಷಣಗಳು ಕಾಣುವುದು ಒಮ್ಮೆಲೇ ಸುಮಾರು 1000 ಮಿಲಿಸೀವರ್ಟ್‌ನಷ್ಟು ತಗಲಿದಾಗ.

ಎರಡನೆಯದಾಗಿ, ಸಂದೇಶವು ಯಾವ ಅಪಾಯದ ಬಗ್ಗೆ ಮಾತನಾಡುತ್ತಿದೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಅಣು ಭಯೋತ್ಪಾದನೆ ಎಂಬ ಒಂದೇ ಹೆಸರಿನ ಕೆಳಗೆ ಅಣುಬಾಂಬನ್ನು ಕದಿಯುವುದು ಅಥವಾ ತಯಾರಿಸುವುದು, ವಿದ್ಯುತ್ ಸ್ಥಾವರದ ಮೇಲೆ ದಾಳಿ ಮಾಡುವುದು, ಸಾಧಾರಣ ಸಿಡಿಮದ್ದಿನ ಜೊತೆ ವಿಕಿರಣಶೀಲ ಪುಡಿಯನ್ನು ಬೆರೆಸಿ ಸಿಡಿಸುವ ‘ಡರ್ಟಿ ಬಾಂಬ್’, ಇವೆಲ್ಲವೂ ಸೇರಿಹೋಗಿವೆ. ಇದುವರೆಗೆ ಯಾವ ಭಯೋತ್ಪಾದಕ ಗುಂಪೂ ಅಣುಬಾಂಬ್ ಸ್ಫೋಟಿಸಿಲ್ಲ. 1995ರಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಇಜ್ಮೈಲೋವ್ಸ್ಕಿ ಉದ್ಯಾನದಲ್ಲಿ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ಇದ್ದ ಪೊಟ್ಟಣವನ್ನು ಹೂತಿಟ್ಟು ಟೆಲಿವಿಷನ್ ವರದಿಗಾರರಿಗೆ ಸುಳಿವು ಕೊಟ್ಟರು, ಅದನ್ನು ಸಿಡಿಸಲಿಲ್ಲ. ಅವರಿಗೆ ಬೇಕಾಗಿದ್ದ ಭಯ ಅಷ್ಟರಿಂದಲೇ ಹುಟ್ಟಿತು. ಡರ್ಟಿ ಬಾಂಬ್ ಸಿಡಿದರೂ ಮೊದಲ ಸಾವುನೋವುಗಳು ಬಹುಪಾಲು ಸಿಡಿಮದ್ದಿನಿಂದಲೇ ಆಗುತ್ತವೆ, ವಿಕಿರಣದಿಂದಲ್ಲ.

ಯಾದಗಿರಿ ಜಿಲ್ಲೆಯವರು ಇಲ್ಲಿ ಗೋಗಿಯ ಹೆಸರು ಎತ್ತುತ್ತಾರೆ. ಆದಿಲ್‌ಶಾಹಿ ಅರಸರ ಸಮಾಧಿಗಳಿರುವ, ಶಹಾಪುರ ತಾಲ್ಲೂಕಿನ ಆ ಊರಿನ ನೆಲದಲ್ಲಿ ಯುರೇನಿಯಂ ಅದಿರು ಇರುವುದು ನಿಜ. ಆದರೆ ನೆಲದ ಯುರೇನಿಯಂನಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ-235ರ ಪಾಲು ಶೇ. 0.7ರಷ್ಟು ಮಾತ್ರ, ಬಾಂಬಿಗೆ ಅದನ್ನು ಶೇ. 90ರ ಸುತ್ತಮುತ್ತ ಏರಿಸಬೇಕು, ಅದಕ್ಕೆ ಒಂದು ದೇಶದ ಯಂತ್ರಬಲವೇ ಬೇಕು. ಅದಿರಿನ ಕಲ್ಲನ್ನು ಯಾರೋ ಚೀಲದಲ್ಲಿ ಹೊತ್ತೊಯ್ದು ಬಾಂಬ್ ಮಾಡುತ್ತಾರೆಂಬುದು ಆಧಾರವಿಲ್ಲದ ಮಾತು. ಗಣಿಗಾರಿಕೆ ನಡೆದರೆ ಬಾವಿಯ ನೀರು ಮತ್ತು ಹೊಲದ ಧೂಳು ಏನಾದೀತು ಎಂಬ ಗೋಗಿಯ ಜನರ ಪ್ರಶ್ನೆ ಬೇರೆ, ಅದು ನ್ಯಾಯವಾದ ಪ್ರಶ್ನೆ. ಎರಡನ್ನೂ ಕಲಸಿದರೆ ನಿಜವಾದ ಪ್ರಶ್ನೆಗೆ ಉತ್ತರ ಕೇಳುವವರೇ ಇಲ್ಲವಾಗುತ್ತಾರೆ. ಕೈಗಾ ಅಣು ವಿದ್ಯುತ್ ಸ್ಥಾವರವಂತೂ ಕಲಬುರಗಿಯಿಂದ ನೇರ ರೇಖೆಯಲ್ಲಿ 350 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ, ನಮ್ಮ ದೇಶದಲ್ಲಿ ಸ್ಥಾವರದ ಸುತ್ತ ತುರ್ತು ಯೋಜನೆಗೆ ಗುರುತಿಸುವ ವಲಯ 16 ಕಿಲೋಮೀಟರ್.

ಹಾಗಿದ್ದರೂ ನಮ್ಮ ಊರಿನಲ್ಲಿಯೇ ಡರ್ಟಿ ಬಾಂಬ್ ಸ್ಫೋಟವಾಯಿತೆಂದು ಪೊಲೀಸರೋ ಜಿಲ್ಲಾಡಳಿತವೋ ತಿಳಿಸಿದರೆ, ಮಾಡಬೇಕಾದ ಕೆಲಸ ಸರಳವಾಗಿದೆ: ಹತ್ತಿರದ ಗಟ್ಟಿ ಕಟ್ಟಡದ ಒಳಗೆ ಹೋಗಿ ಅಲ್ಲಿಯೇ ಇರಬೇಕು. ಕಾರು, ಬೈಕು ಹತ್ತಿ ಊರು ಬಿಡಲು ಹೊರಟವರು ರಸ್ತೆಯಲ್ಲಿ ಸಿಕ್ಕಿಕೊಂಡು ವಿಕಿರಣಶೀಲ ಧೂಳಿನ ನಡುವೆಯೇ ನಿಲ್ಲುತ್ತಾರೆ. ನಮ್ಮ ಭಾಗದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗಳು ಈ ಕೆಲಸಕ್ಕೆ ಬಹಳ ಒಳ್ಳೆಯವು. ತಗಡಿನ ಶೆಡ್ಡಿನಲ್ಲಿರುವವರು ನೆರೆಯವರ ಕಲ್ಲಿನ ಅಥವಾ ಆರ್‌ಸಿಸಿ ಮನೆಯ ಒಳಕೋಣೆಗೆ ಹೋಗುವುದು ಮೇಲು. ಕಿಟಕಿ ಬಾಗಿಲುಗಳನ್ನು ಮುಚ್ಚಿರಿ. ಬೇಸಿಗೆಯಲ್ಲಿ ನಾವು ಮರೆಯುವುದು ಕೂಲರನ್ನು: ಕಿಟಕಿಗೆ ಆನಿಸಿಟ್ಟ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತುಂಬುತ್ತದೆ, ಆದ್ದರಿಂದ ಎಷ್ಟೇ ಸೆಕೆಯಾದರೂ ಅದನ್ನು ಮೊದಲು ಆರಿಸಬೇಕು. ಮುಚ್ಚಿದ ಕೋಣೆಯೊಳಗಿನ ಸೀಲಿಂಗ್ ಫ್ಯಾನ್ ತಿರುಗಿದರೆ ತೊಂದರೆಯಿಲ್ಲ, ಅದು ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ.

ಹೊರಗಿನಿಂದ ಬಂದವರು ಬಾಗಿಲ ಬಳಿಯೇ ಮೇಲುಡುಪು ಮತ್ತು ಚಪ್ಪಲಿಗಳನ್ನು ಬಿಚ್ಚಿ, ಝಾಡಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜನರಿಂದ ದೂರ ಇಡಬೇಕು. ಮೈಗೆ ಅಂಟಿದ ಧೂಳಿನ ಬಹುಪಾಲು, ಶೇ. 90ರವರೆಗೆ, ಇಷ್ಟರಿಂದಲೇ ಹೋಗುತ್ತದೆ. ಆಮೇಲೆ ಸಾಬೂನು ಹಚ್ಚಿ ಸ್ನಾನ ಮಾಡಬೇಕು, ಆದರೆ ಚರ್ಮ ತರಚುವಂತೆ ಉಜ್ಜಬಾರದು. ಹೀಗೆ ತೊಳೆದುಕೊಂಡವರನ್ನು ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ. ವಿಕಿರಣವು ಒಬ್ಬರಿಂದ ಒಬ್ಬರಿಗೆ ಜ್ವರದಂತೆ ಹರಡುವ ರೋಗವಲ್ಲ. ಕೊಡ, ಹಂಡೆಗಳಲ್ಲಿ ಮೊದಲೇ ತುಂಬಿ ಮುಚ್ಚಿಟ್ಟ ನೀರನ್ನು ಕುಡಿಯಬಹುದು. ತೆರೆದಿದ್ದ ನೀರನ್ನು ಕುದಿಸಿದರೆ ವಿಕಿರಣಶೀಲ ವಸ್ತು ಹೋಗುವುದಿಲ್ಲ.

ಉಪ್ಪಿನ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯು ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಗ್ರಂಥಿಗೆ ಸೇರದಂತೆ ಮಾತ್ರ ತಡೆಯುತ್ತದೆ, ಸೀಸಿಯಂ ಅಥವಾ ಕೋಬಾಲ್ಟಿನ ಎದುರು ಅದರಿಂದ ಪ್ರಯೋಜನವಿಲ್ಲ, ಅದನ್ನೂ ಅಧಿಕಾರಿಗಳು ಹೇಳಿದಾಗಲಷ್ಟೇ ನುಂಗಬೇಕು. ಅಡುಗೆ ಉಪ್ಪಿನಲ್ಲಿರುವ ಅಯೋಡಿನ್ ತೀರಾ ಅಲ್ಪ. ರಕ್ಷಣೆ ಸಿಗುವಷ್ಟು ತಿನ್ನಲು ಹೋದರೆ ಉಪ್ಪೇ ಮನುಷ್ಯನನ್ನು ಕೊಲ್ಲುತ್ತದೆ. 2011ರಲ್ಲಿ ಫುಕುಶಿಮಾ ಅವಘಡವಾದಾಗ ಚೀನಾದ ಜನರೂ ಉಪ್ಪಿಗೆ ಮುಗಿಬಿದ್ದಿದ್ದರು.

ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದವರು ಹೆಚ್ಚು ಎಚ್ಚರ ವಹಿಸಬೇಕಾದ ಜಾಗ ಗುಜರಿ ಅಂಗಡಿ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರಗಳಲ್ಲಿ, ಸಿಮೆಂಟ್ ಮತ್ತು ಉಕ್ಕಿನ ಕಾರ್ಖಾನೆಗಳ ಅಳತೆಯ ಉಪಕರಣಗಳಲ್ಲಿ ವಿಕಿರಣಶೀಲ ಮೂಲಗಳನ್ನು ಬಳಸುವುದುಂಟು. ಅವುಗಳ ಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಉಸ್ತುವಾರಿ ಇದೆ, ಆದರೂ ಲೆಕ್ಕ ತಪ್ಪಿದ ಒಂದು ಮೂಲ ಸಾಕು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಕದ್ದು ತಂದ ಡಬ್ಬಿಯನ್ನು ಒಡೆದಾಗ, ಒಳಗಿನ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯಿತು. ಗುಜರಿಯವನು ಅದನ್ನು ಬಂಧುಬಳಗಕ್ಕೆ ಹಂಚಿದನು, ಆರು ವರ್ಷದ ಮಗುವೊಂದು ಮೈಗೆ ಬಳಿದುಕೊಂಡು ಆಡಿತು. ನಾಲ್ವರು ಸತ್ತರು. 249 ಜನರಲ್ಲಿ ವಿಕಿರಣಶೀಲ ವಸ್ತು ಕಂಡುಬಂದಿತು, ಆದರೆ ತಪಾಸಣೆಗೆಂದು ಸಾಲು ನಿಂತವರು ಒಂದು ಲಕ್ಷಕ್ಕೂ ಹೆಚ್ಚು. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಗೆ ಹಳೆಯ ಪ್ರಯೋಗಾಲಯದ ಯಂತ್ರವೊಂದು ಬಂದು, ಅದರೊಳಗಿನ ಕೋಬಾಲ್ಟ್-60 ತುಂಡುಗಳಿಂದ ಒಬ್ಬ ಕೆಲಸಗಾರ ಸತ್ತು ಹಲವರು ಆಸ್ಪತ್ರೆ ಸೇರಿದರು. ಎರಡೂ ಕಡೆ ಭಯೋತ್ಪಾದಕರು ಇರಲಿಲ್ಲ.

ಆದ್ದರಿಂದ ಗುಜರಿ ಕೊಳ್ಳುವವರಿಗೆ, ಮುಖ್ಯವಾಗಿ ಅಲ್ಲಿ ಕೆಲಸ ಮಾಡುವ ಹುಡುಗರಿಗೆ, ಹಳದಿ ಹಿನ್ನೆಲೆಯ ಮೂರು ಎಸಳಿನ ವಿಕಿರಣ ಚಿಹ್ನೆಯನ್ನೂ, 2007ರಲ್ಲಿ ಬಂದ ತಲೆಬುರುಡೆ ಮತ್ತು ಓಡುವ ಮನುಷ್ಯನಿರುವ ಕೆಂಪು ತ್ರಿಕೋನವನ್ನೂ ಮೊಬೈಲಿನಲ್ಲಿ ತೋರಿಸಿ ಗುರುತು ಹಿಡಿಸಿರಿ. ಗಾತ್ರಕ್ಕೆ ಮೀರಿದ ತೂಕದ, ಸೀಸದ ಕವಚವಿರುವ ಡಬ್ಬಿ ತಕ್ಕಡಿಗೆ ಬಂದರೆ ಗ್ಯಾಸ್ ಕಟರ್ ಹಚ್ಚಬಾರದು, ಸುತ್ತಿಗೆಯಿಂದ ಬಡಿಯಬಾರದು, ಚೂರು ಹೊಳೆಯಿತೆಂದು ಕಿಸೆಗೆ ಹಾಕಿಕೊಳ್ಳಬಾರದು. ಎಲ್ಲರನ್ನೂ ಕನಿಷ್ಠ 30 ಮೀಟರ್ ದೂರ ಸರಿಸಿ, 112ಕ್ಕೆ ಕರೆ ಮಾಡಿ ಚಿಹ್ನೆ ಕಂಡದ್ದನ್ನು ಸ್ಪಷ್ಟವಾಗಿ ಹೇಳಿರಿ. ಮುಟ್ಟಿದವರು ಕೈ ತೊಳೆಯುವವರೆಗೆ ಎಲೆ ಅಡಿಕೆಯನ್ನೂ ಬಾಯಿಗೆ ಹಾಕಬಾರದು. ಆ ಸಾಮಾನು ಬಂದ ಗಾಡಿಯ ಸಂಖ್ಯೆಯನ್ನು, ಅದನ್ನು ಮುಟ್ಟಿದ ಪ್ರತಿಯೊಬ್ಬರ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಬಂದ ಅಧಿಕಾರಿಯ ಕೈಗೆ ಕೊಡಿರಿ.