ಪಂಪು ತಿರುಗುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ

ಒಂದು ಎಚ್‌ಪಿ ಮೋನೋಬ್ಲಾಕ್ ಪಂಪು. ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೆತ್ತಬೇಕು, ಅಷ್ಟೇ. ನಾನೇ ಕೂರಿಸುತ್ತೇನೆ ಅಂತ ಹೊರಟೆ. ಸ್ವಿಚ್ ಹಾಕಿದೆ. ಮೋಟರು ಗುಂಯ್ ಅಂತ ತಿರುಗಿತು. ಮೇಲೆ ನಿಂತಿದ್ದ ಮಗ "ಬರ್ತಿಲ್ಲಪ್ಪಾ" ಅಂತ ಕೂಗುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಪಂಪಿನ ಮೈ ಬಿಸಿಯಾಯಿತು. ತಕ್ಷಣ ಆಫ್ ಮಾಡಿದೆ. ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ತಣ್ಣಗಿರುವುದು ನೀರಿನಿಂದಲೇ. ಒಣಗಿದ್ದಾಗ ಓಡಿಸಿದರೆ ಅದು ಸುಟ್ಟುಹೋಗುತ್ತದೆ.

ಓಡಿಸುವ ಮೊದಲು ಪಂಪಿಗೆ ನೀರು ತುಂಬುವ ಪ್ರೈಮಿಂಗ್ ಮುಚ್ಚಳ ಬಿಚ್ಚಿ ಮತ್ತೆ ನೀರು ತುಂಬಿದೆ. ಹತ್ತು ನಿಮಿಷ ಕಾದರೂ ಮಟ್ಟ ಇಳಿಯಲಿಲ್ಲ. ಹಾಗಾದರೆ ಪೈಪಿನ ತಳದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸರಿಯಿದೆ. ಎಲ್ಲೋ ಗಾಳಿ ಎಳೆಯುತ್ತಿದೆ ಅನ್ನಿಸಿತು. ಸಂಪಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಕೆಲವೇ ಸೆಕೆಂಡು ಓಡಿಸಿದೆ. ಪಂಪಿನ ಬಾಯಿಯ ಹತ್ತಿರದ ಜಾಯಿಂಟಿನಲ್ಲಿ ನೊರೆ ಒಳಗೆ ಹೋಯಿತು! ಟೆಫ್ಲಾನ್ ಟೇಪನ್ನು ನಾನು ಉಲ್ಟಾ ಸುತ್ತಿದ್ದೆ. ತಿರುಗಿಸಿ ಬಿಗಿ ಮಾಡುವಾಗ ಅದು ಸುರುಳಿ ಬಿಚ್ಚಿಕೊಂಡು ಹೊರಬಂದಿತ್ತು. ನೀರು ಸೋರದ ಸಂದಿಯಲ್ಲೂ ಗಾಳಿ ನುಗ್ಗುತ್ತದೆ ಅಂತ ಗೊತ್ತಾಗಿದ್ದು ಆವತ್ತೇ.

ಪಂಪು ನೀರನ್ನು ಹಗ್ಗ ಹಾಕಿ ಎಳೆಯುವುದಿಲ್ಲ. ಸಂಪಿನ ನೀರಿನ ಮೇಲೆ ಕೂತ ಗಾಳಿಯ ಒತ್ತಡವೇ ಅದನ್ನು ಮೇಲಕ್ಕೆ ತಳ್ಳುತ್ತದೆ. ಹಾಗೆ ಪಂಪಿನವರೆಗೆ ನೀರು ಏರುವುದು ಲೆಕ್ಕದ ಪ್ರಕಾರ ಸಮುದ್ರ ಮಟ್ಟದಲ್ಲಿ ಹೆಚ್ಚೆಂದರೆ 10.3 ಮೀಟರ್. ನಿಜವಾಗಿ 6–7 ಮೀಟರ್ ಸಿಕ್ಕರೆ ಹೆಚ್ಚು. ಅದಕ್ಕೇ ಸಕ್ಷನ್ ಪೈಪು ಗಿಡ್ಡವಾಗಿರಬೇಕು, ಪಂಪಿನ ಬಾಯಿಗಿಂತ ಸಣ್ಣದಿರಬಾರದು, ಪಂಪಿನ ಕಡೆಗೆ ಏರುತ್ತಲೇ ಹೋಗಬೇಕು. ನನ್ನದು ಸಂಪಿನ ಕಟ್ಟೆಯ ಮೇಲೆ ಗೂನು ಬೆನ್ನಿನ ಹಾಗೆ ಎದ್ದಿತ್ತು. ಆ ಗೂನಿನಲ್ಲೇ ಗಾಳಿ ನಿಲ್ಲುತ್ತದೆ. ಅದನ್ನೂ ಕತ್ತರಿಸಿ ಹೊಸದಾಗಿ ಹಾಕಿದೆ.

ಕರೆಂಟಿನ ವಿಷಯದಲ್ಲಿ ಮಾತ್ರ ನಾನು ಪುಕ್ಕಲ. ಹಳೇ ಪಂಪನ್ನು ಒಮ್ಮೆ ಒದ್ದೆ ಕೈಯಲ್ಲಿ ಮುಟ್ಟಿ ಜುಂ ಅಂದಿದ್ದು ಇನ್ನೂ ನೆನಪಿದೆ. ಅದಕ್ಕೆ ಅರ್ಥಿಂಗ್ ಇರಲೇ ಇಲ್ಲ! ಈ ಸಲ ಹಸಿರು ವೈರನ್ನು ಪಂಪಿನ ಮೈಗೆ ಗಟ್ಟಿಯಾಗಿ ಕೂರಿಸಿ, ಕರೆಂಟು ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್ನರನ್ನೇ ಕರೆದೆ. ಕರೆಂಟು ಮಿತಿ ಮೀರಿದರೆ ಬೀಳುವ ಎಂಸಿಬಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮೋಟರಿಗೇ ಹಲವು ಆಂಪಿಯರ್ ಬೇಕು, ಅಷ್ಟನ್ನು ಎಂಸಿಬಿ ಬಿಡಲೇಬೇಕು. ಜೀವ ತೆಗೆಯಲು ಅದರ ಚೂರುಪಾರು ಸಾಕು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನ ತುದಿಗಳನ್ನು ಮುಟ್ಟಬೇಡಿ, ಅದರಲ್ಲಿ ಚಾರ್ಜ್ ಉಳಿದಿರುತ್ತದೆ.

ಈಗ ಸಂಪಿನಲ್ಲೂ ಟ್ಯಾಂಕಿನಲ್ಲೂ ನೀರಿನ ಜೊತೆ ಏರಿಳಿಯುವ ಫ್ಲೋಟ್ ಸ್ವಿಚ್ ಇದೆ. ಸಂಪು ಬರಿದಾದರೆ ಪಂಪು ತಾನೇ ನಿಲ್ಲುತ್ತದೆ. ಸಕ್ಷನ್ ಪೈಪಿಗೆ ಒಂದು ಯೂನಿಯನ್ (ಪೈಪು ಕತ್ತರಿಸದೆ ಬಿಚ್ಚಿ ಜೋಡಿಸುವ ಜಾಯಿಂಟು) ಕೂಡ ಹಾಕಿದ್ದೇನೆ. ಫುಟ್‌ವಾಲ್ವ್‌ನಲ್ಲಿ ಕಸ ಸಿಕ್ಕಿದಾಗ ಅಲ್ಲೇ ಬಿಚ್ಚಿ, ಪೈಪನ್ನೇ ಮೇಲಕ್ಕೆ ಎಳೆದು ತೊಳೆಯುತ್ತೇನೆ. ಮುಚ್ಚಿಟ್ಟ ಸಂಪಿನೊಳಗೆ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಅದಕ್ಕೇ ಒಳಗೆ ಇಳಿಯುವ ಕೆಲಸವೇ ಬೇಡ ಅಲ್ವಾ?