ನಾಟಿ ಕೋಳಿಯಲ್ಲಿ ಮೊಟ್ಟೆ ಜಾಸ್ತಿ ಬೇಕಾ? ಹುಂಜದ ತಾಯಿ ಯಾರು ಅಂತ ನೋಡಿ

ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ. ಅದು ಗುಂಪಿನ ಲೆಕ್ಕ. ಕೋಳಿಕೋಳಿಗೂ ಬೇರೆ ಬೇರೆ ಲೆಕ್ಕ ಬರೆದರೆ ಕಥೆಯೇ ಬೇರೆ.

ನಾನು ಹ್ಯಾಟೆಗಳ ಕಾಲಿಗೆ ಬಣ್ಣಬಣ್ಣದ ಉಂಗುರ ಹಾಕಿದೆ. ಬೆಳಿಗ್ಗೆ ಗೂಡಿನಿಂದ ಬಿಡುವ ಮುಂಚೆ ಒಂದೊಂದನ್ನೇ ಹಿಡಿದು ಹಿಂದೆ ಬೆರಳಿಟ್ಟು ನೋಡಿದರೆ ಇವತ್ತು ಮೊಟ್ಟೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದ್ದರೆ ನೋಟ್‌ಬುಕ್ಕಿನಲ್ಲಿ ಆ ಬಣ್ಣದ ಎದುರು ಒಂದು ಗೀಟು. ಬೇಜಾರಿನ ಕೆಲಸ, ಆದರೆ ಇದಿಲ್ಲದೆ ಆರಿಸೋದೆಲ್ಲ ಬರೀ ಊಹೆ.

ನಾನು ಮುಖ್ಯವಾಗಿ ನೋಡಿದ್ದು ಗೀಟು ಎಷ್ಟು ದಿನ ಬಿಡದೆ ಬರುತ್ತದೆ ಅನ್ನೋದನ್ನು. ಒಂದು ಮೊಟ್ಟೆ ತಯಾರಾಗೋಕೆ ಸುಮಾರು 25 ಗಂಟೆ ಬೇಕು, ಹಾಗಾಗಿ ಇಡುವ ಹೊತ್ತು ದಿನದಿನಕ್ಕೂ ತಡವಾಗುತ್ತಾ ಹೋಗಿ ಕೊನೆಗೆ ಒಂದು ದಿನ ತಪ್ಪುತ್ತದೆ. ಕೆಲವು ಹ್ಯಾಟೆ ಎರಡು ದಿನಕ್ಕೇ ತಪ್ಪಿಸುತ್ತವೆ, ಕೆಲವು ವಾರ ಎಳೆಯುತ್ತವೆ. ಮೇವು, ಬೆಳಕು ಎರಡಕ್ಕೂ ಒಂದೇ. ವ್ಯತ್ಯಾಸ ರಕ್ತದಲ್ಲಿದೆ.

ಇನ್ನೊಂದು ಕಾವು. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತರೆ 21 ದಿನ ಅಲ್ಲೇ, ಆಮೇಲೆ ಮರಿಗಳ ಹಿಂದೆ ಒಂದೆರಡು ತಿಂಗಳು. ವರ್ಷದ ಲೆಕ್ಕ ಬೀಳೋದು ಹೆಚ್ಚಾಗಿ ಇಲ್ಲೇ. ಮೊಟ್ಟೆ ತೆಗೆದು, ತಂತಿಬಲೆಯ ತಳದ ಗೂಡಿಗೆ ಹಾಕಿ ಕಾವು ಬಿಡಿಸಿದರೆ ಬೇಗ ಮತ್ತೆ ಇಡುತ್ತದೆ. ಆದರೆ ಅದು ಸಾಕಣೆಯ ಜಾಣತನ, ತಳಿಯ ಗುಣ ಅಲ್ಲ. ಎರಡನ್ನೂ ಕಲಸಬೇಡಿ.

ಹುಂಜದ ವಿಷಯಕ್ಕೆ ಬರೋಣ. ಹೆಚ್ಚಿನವರು ದಪ್ಪಗಿರೋದನ್ನೋ, ಬಣ್ಣ ಚೆನ್ನಾಗಿರೋದನ್ನೋ ಇಟ್ಟುಕೊಳ್ಳುತ್ತಾರೆ. ಕೆಲವು ಕೋಳಿಗಳ ಪುಕ್ಕವಿಲ್ಲದ ಬೋಳು ಕುತ್ತಿಗೆಗೆ ಕಾರಣ ಒಂದೇ ಒಂದು ಜೀನ್, ಕಣ್ಣಿಗೆ ಕಾಣುತ್ತದೆ. ಮೊಟ್ಟೆಯ ಸಂಖ್ಯೆಗೆ ಹತ್ತಾರು ಜೀನ್ ಸೇರುತ್ತವೆ, ಪುಕ್ಕದ ಬಣ್ಣ ನೋಡಿ ಏನೂ ತಿಳಿಯೋದಿಲ್ಲ. ಹುಂಜ ಮೊಟ್ಟೆ ಇಡೋಲ್ಲ, ಆದರೆ ಮರಿಗೆ ಅರ್ಧ ಗುಣ ಅದರದ್ದೇ ಅಲ್ವಾ? ಅದಕ್ಕೇ ಅದರ ತಾಯಿ, ಅಕ್ಕತಂಗಿಯರ ಗೀಟು ನೋಡಿ ಆರಿಸಿದೆ. ಒಂದೇ ಹ್ಯಾಟೆಯ ಲೆಕ್ಕ ನಂಬೋ ಹಾಗಿಲ್ಲ, ಸಂಖ್ಯೆಯ ಗುಣ ಮರಿಗೆ ಇಳಿಯೋದು ಕಡಿಮೆ. ಮೊಟ್ಟೆಯ ತೂಕ ಅದಕ್ಕಿಂತ ಚೆನ್ನಾಗಿ ಇಳಿಯುತ್ತದೆ. ತೊಡಕೆಂದರೆ, ಸಂಖ್ಯೆ ಏರಿದರೆ ಗಾತ್ರ ಇಳಿಯೋ ಕಡೆಗೇ ವಾಲುತ್ತದೆ, ಹಾಗಾಗಿ ತೀರಾ ಸಣ್ಣ ಮೊಟ್ಟೆಯವನ್ನು ಮರಿ ಮಾಡಿಸಲಿಲ್ಲ.

ಅದೇ ಹುಂಜವನ್ನು ಅದರ ಹೆಣ್ಣುಮರಿಗಳ ಜೊತೆ ಬಿಡಲೇಬೇಡಿ. ಮರಿ ಒಡೆಯೋದು ಕಡಿಮೆಯಾಗುತ್ತದೆ, ಒಡೆದವೂ ಸೊರಗುತ್ತವೆ. ನಾನು ಹುಂಜ ಬದಲಿಸುವಾಗ ಬೇರೆ ಗುಂಪಿನ ನಾಟಿಯನ್ನೇ ತಂದೆ. ಮೊಟ್ಟೆಗೆಂದೇ ಸಾಕುವ ಲೆಗಾರ್ನ್ ತಳಿಯ ಹುಂಜ ಬಿಟ್ಟರೆ ಮೊಟ್ಟೆ ಬೇಗ ಏರುತ್ತದೆ ನಿಜ, ಆದರೆ ಕಾವಿಗೆ ಕೂರುವ ಗುಣ ಹೊರಟುಹೋಗುತ್ತದೆ, ಆಮೇಲೆ ಮರಿ ಮಾಡಿಸೋಕೆ ಮಷೀನು ಬೇಕು. ನನ್ನಲ್ಲಿ ಕಾವಿನ ಹುಚ್ಚು ಇರುವ ಕೆಲವು ಹ್ಯಾಟೆಗಳನ್ನು ಬೇಕಂತಲೇ ಉಳಿಸಿಕೊಂಡಿದ್ದೇನೆ. ಅವುಗಳ ಮೊಟ್ಟೆ ಅಡುಗೆಗೆ ಹೋಗುತ್ತದೆ, ಗೀಟು ಜಾಸ್ತಿ ಇರುವವುಗಳ ಮೊಟ್ಟೆ ಅವುಗಳ ಹೊಟ್ಟೆಯಡಿಗೆ.